ಎಮ್ಮೆಯ ಬೆನ್ನೇರಿದ ಕಾಜಾಣ

500 ಕಿಲೋ ತೂಗುವ ಒಂದು ಎಮ್ಮೆಯನ್ನು ತಕ್ಕಡಿಯ ಒಂದು ತಟ್ಟೆಗೆ ಹತ್ತಿಸಿದಿರೆನ್ನಿ. ಮುಳ್ಳು ನೆಟ್ಟಗಾಗಲು ಇನ್ನೊಂದು ತಟ್ಟೆಗೆ 10,000 ಕಾಜಾಣಗಳು ಬೇಕು. ಒಂದೊಂದು 50 ಗ್ರಾಂ, ಹೆಚ್ಚುಕಡಿಮೆ. ಅಷ್ಟನ್ನೂ ನೀವು ಹಿಡಿದು ತರುವಷ್ಟರಲ್ಲಿ ಎಮ್ಮೆ ತಟ್ಟೆಯ ಮೇಲೇ ಮಲಗಿ ಮೆಲುಕು ಹಾಕುತ್ತಿರುತ್ತದೆ. ಅದಕ್ಕೇನೂ ಅವಸರವಿಲ್ಲ.

ಇಷ್ಟು ದೂರದ ಎರಡು ಜೀವಗಳನ್ನು ಯಾರಾದರೂ ಹೋಲಿಸುತ್ತಾರೆಯೇ ಎಂದು ನೀವು ಕೇಳಬಹುದು. ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಯಾವುದಾದರೂ ಕೆರೆಯಂಗಳಕ್ಕೆ ಹೋಗಿ ನೋಡಿ. ಮೇಯುತ್ತಿರುವ ಎಮ್ಮೆಯ ಬೆನ್ನ ಮೇಲೆ, ಸೊಂಟದ ಮೂಳೆ ಉಬ್ಬಿದ ಜಾಗದಲ್ಲಿ, ಕವಲುಬಾಲದ ಕಾಜಾಣವೊಂದು ಯಜಮಾನನ ಗತ್ತಿನಲ್ಲಿ ಕೂತಿರುತ್ತದೆ. ಅವೆರಡೂ ತಾವಾಗಿಯೇ ಒಂದರ ಮೇಲೊಂದು ಕೂತು ತೋರಿಸುತ್ತಿರುವಾಗ ಹೋಲಿಸದೆ ಇರುವುದೇ ಕಷ್ಟ.

ಎರಡೂ ಕಪ್ಪು. ಎಮ್ಮೆಯದು ಕೆಸರು ಒಣಗಿ ಬೂದಿ ಬಡಿದಂತಿರುವ ಕಪ್ಪು. ಕಾಜಾಣದ್ದು ಬಿಸಿಲಿಗೆ ತಿರುಗಿದಾಗ ನೀಲಿ ಹೊಡೆಯುವ ಕಪ್ಪು. ಹತ್ತಿರದಿಂದ ಕಂಡವರಿಗೆ ಅದರ ಬಾಯಂಚಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆಯೂ ಕಾಣುತ್ತದೆ. ದೃಷ್ಟಿಬೊಟ್ಟು ಇಡಲು ಕಪ್ಪಿನ ಮೇಲೆ ಕಪ್ಪು ಕಾಣದೆಂದು ಬಿಳಿಯದನ್ನು ಇಟ್ಟರೋ ಏನೋ.

ಕಪ್ಪಾಗಿ ಹುಟ್ಟಿದ್ದಕ್ಕೆ ಎಮ್ಮೆ ನಮ್ಮಲ್ಲಿ ತೆತ್ತ ಬೆಲೆ ಸಣ್ಣದಲ್ಲ. ಹಸುವಿಗೆ ಪುಣ್ಯಕೋಟಿಯ ಕಥೆಯಿದೆ, ಎತ್ತಿಗೆ ಬಸವನ ಪಟ್ಟವಿದೆ, ಸಂಕ್ರಾಂತಿಯ ಕಿಚ್ಚಿದೆ. ಎಮ್ಮೆಯ ಕುಲಕ್ಕೆ ದಕ್ಕಿದ್ದು ಯಮನ ವಾಹನದ ಉದ್ಯೋಗ, ಮಹಿಷಾಸುರನ ಕೊಂಬು, ಮಾರಿಜಾತ್ರೆಯ ಕತ್ತಿ. ಮಿಕ್ಕಿದ್ದು ಬೈಗುಳ. ದಪ್ಪ ಚರ್ಮದವನು ಎಮ್ಮೆ, ಮಂದಬುದ್ಧಿಯವನು ಕೋಣ. ಎಮ್ಮೆಗೆ ಜ್ವರ ಬಂದರೂ ಬರೆ ಬೀಳುವುದು ಎತ್ತಿಗೆ. ಗಾದೆಯಲ್ಲಿ ಸಹ ಅದಕ್ಕೆ ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಇತ್ತ ಲೋಟದೊಳಗೆ ನೋಡಿದರೆ ಕಥೆಯೇ ಬೇರೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಎಮ್ಮೆಗಳು ಸುಮಾರು 10.98 ಕೋಟಿ, ಹಸು-ಎತ್ತುಗಳು 19 ಕೋಟಿ ದಾಟಿದ್ದವು. ಆದರೂ ದೇಶ ಕುಡಿಯುವ ಹಾಲಿನಲ್ಲಿ ಅರ್ಧದ ಹತ್ತಿರ ಎಮ್ಮೆಯದು. ಚಮಚ ನೆಟ್ಟಗೆ ನಿಲ್ಲುವ ಮೊಸರು, ಧಾರವಾಡದ ಪೇಢೆ, ಹಬ್ಬದ ದಿನದ ಗಟ್ಟಿ ಕೆನೆ ಎಲ್ಲದರ ಹಿಂದೆ ಇದೇ ಕಪ್ಪು ಪ್ರಾಣಿ ನಿಂತಿದೆ. ಹಸುವಿನ ಹಾಲಿಗೆ ತಿಳಿಹಳದಿ ಬಣ್ಣ ಕೊಡುವ ಕ್ಯಾರೊಟಿನ್ ಎಂಬ ಅಂಶವನ್ನು ಎಮ್ಮೆ ತನ್ನೊಳಗೇ ‘ಎ’ ಜೀವಸತ್ವವಾಗಿ ಮಾರ್ಪಡಿಸಿಬಿಡುತ್ತದೆ. ಹಾಗಾಗಿ ನಮ್ಮ ಕೊಟ್ಟಿಗೆಗಳಲ್ಲಿ ಅಚ್ಚ ಬಿಳಿಯ ಹಾಲು ಬರುವುದು ಅಚ್ಚ ಕರಿಯ ಕೆಚ್ಚಲಿನಿಂದ.

ಕಾಜಾಣದ ಕಷ್ಟ ಇನ್ನೊಂದು ಬಗೆಯದು. ಅದು ಹಾಡುಹಕ್ಕಿ ಎಂದರೆ ಜನ ನಂಬುವುದಿಲ್ಲ. ಹಾಡುವುದೆಂದರೆ ಕೋಗಿಲೆ, ಅಲ್ಲಿಗೆ ಮುಗಿಯಿತು. ಪಕ್ಷಿಶಾಸ್ತ್ರದವರು ಹಾಡುಹಕ್ಕಿಗಳ ಕುಲವನ್ನು ಗುರುತಿಸಿದಾಗ ಕೋಗಿಲೆ ಹೊರಗುಳಿಯಿತು, ಕಾಗೆ ಒಳಗೆ ಬಂತು. ಗಂಟಲಿನ ರಚನೆ, ವಂಶಾವಳಿ ಇವು ಅವರ ಅಳತೆಗೋಲು. ನಮ್ಮ ಕವಿಗಳ ಅಭಿಪ್ರಾಯವನ್ನು ಅವರು ಕೇಳಲಿಲ್ಲ. ಕೇಳಿದ್ದರೆ ದೊಡ್ಡ ಗಲಾಟೆಯೇ ಆಗುತ್ತಿತ್ತು. ಕಾಜಾಣ ಮಾತ್ರ ನಿಸ್ಸಂದೇಹವಾಗಿ ಆ ಕುಲದ್ದು. ಬೆಳಕು ಹರಿಯುವ ಮುಂಚೆ, ಕೋಳಿಯೂ ಒಂದು ಮಗ್ಗುಲು ತಿರುಗಿ ಮಲಗುವ ಹೊತ್ತಿನಲ್ಲಿ, ತಂತಿ ಮೀಟಿದಂಥ ಎರಡು ಸ್ವರದ ಕೂಗಿನಿಂದ ಅದು ದಿನ ಶುರುಮಾಡುತ್ತದೆ. ಇಂಪು ಎಂದು ನಾನು ಹೇಳಲಾರೆ. ಲೋಹದ ಖಣಖಣ ಇದೆ, ನಡುವೆ ಒಂದಿಷ್ಟು ಜಗಳಗಂಟಿ ಚೀತ್ಕಾರವೂ ಇದೆ. ಮಲೆನಾಡಿನ ಕಾಡಿನಲ್ಲಿರುವ ಇದರ ದಾಯಾದಿ, ಬಾಲಕ್ಕೆ ಎರಡು ಚಾಮರ ಕಟ್ಟಿಕೊಂಡ ಭೀಮರಾಜ, ಹಾಡಿನಲ್ಲಿ ಇದಕ್ಕಿಂತ ಮೇಲು. ಬಯಲಿನ ಕರಿಕಾಜಾಣ ಹಾಡುವುದಕ್ಕಿಂತ ಹೆಚ್ಚಾಗಿ ನಟಿಸುತ್ತದೆ. ಶಿಕ್ರಾ ಗಿಡುಗದ ದನಿಯನ್ನು ತದ್ರೂಪಾಗಿ ಕೂಗುತ್ತದೆ. ಹುಳ ಹಿಡಿದಿದ್ದ ಮೈನಾ ಗಾಬರಿಯಾಗಿ ಹುಳ ಬಿಟ್ಟು ಓಡುತ್ತದೆ. ಕಾಜಾಣ ಇಳಿದು ಬಂದು ಊಟ ಮುಗಿಸುತ್ತದೆ. ಆಫ್ರಿಕದ ಕಲಹಾರಿಯಲ್ಲಿ ಇದರ ಇನ್ನೊಂದು ಬಂಧು ಮೀರ್‌ಕ್ಯಾಟ್ ಎಂಬ ಪುಟ್ಟ ಪ್ರಾಣಿಗಳಿಗೂ ಹೀಗೇ ಸುಳ್ಳು ಅಪಾಯದ ಕೂಗು ಹಾಕಿ ಊಟ ಕಸಿಯುತ್ತದೆ. ಮನೆತನದ ಕಸುಬು ಎನ್ನಬೇಕು.

ಎಮ್ಮೆಗೆ ಇಂಥ ಯಾವ ಕಪಟವೂ ಬರುವುದಿಲ್ಲ. ಅದಕ್ಕೆ ಕಪಟದ ಅಗತ್ಯವೂ ಇಲ್ಲ, ಯಾಕೆಂದರೆ ಹುಲ್ಲು ಓಡಿಹೋಗುವುದಿಲ್ಲ. ಇವೆರಡರ ಸ್ವಭಾವದ ಬೇರು ಇರುವುದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ. ಹುಲ್ಲು ಎಲ್ಲೆಲ್ಲೂ ಸಿಗುವ ಬಡ ಆಹಾರ. ಮಿಡತೆ ಅಪರೂಪಕ್ಕೆ ಸಿಗುವ, ಸಿಕ್ಕರೂ ಹಾರಿಹೋಗುವ ಶ್ರೀಮಂತ ಆಹಾರ. ಹುಲ್ಲನ್ನು ಜೀರ್ಣಿಸಲು ನಾಲ್ಕು ಕೋಣೆಯ ಹೊಟ್ಟೆ ಬೇಕು, ಅದರೊಳಗೆ ನಾರನ್ನು ಹುಳಿಸಿ ಕೊಡುವ ಕೋಟ್ಯಂತರ ಸೂಕ್ಷ್ಮಜೀವಿಗಳು ಬೇಕು, ಒಮ್ಮೆ ನುಂಗಿದ್ದನ್ನು ಬಾಯಿಗೆ ತಂದು ಮತ್ತೆ ಅರೆಯುವ ತಾಳ್ಮೆ ಬೇಕು. ಅಷ್ಟು ದೊಡ್ಡ ಪಾತ್ರೆಯನ್ನು ಹೊರಲು ಅಷ್ಟು ದೊಡ್ಡ ಮೈಯೇ ಬೇಕು. ಮಿಡತೆಗೆ ಇದ್ಯಾವುದೂ ಬೇಡ. ಕಣ್ಣು, ರೆಕ್ಕೆ ಮತ್ತು ಗಾಳಿಯಲ್ಲೇ ತಟ್ಟನೆ ತಿರುಗಲು ಒಂದು ಕವಲುಬಾಲ ಸಾಕು.

ಇನ್ನು ತಿನ್ನುವ ಪ್ರಮಾಣ. ಈ ವಿಷಯದಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಮ್ಯಾಕ್ಸ್ ಕ್ಲೈಬರ್ ಎಂಬ ಸ್ವಿಸ್ ಮೂಲದ ವಿಜ್ಞಾನಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಸಾಕುಪ್ರಾಣಿಗಳ ಮೇವಿನ ಶಕ್ತಿಯನ್ನು ಅಳೆಯುತ್ತಿದ್ದವರು. ಇಲಿಯಿಂದ ಎತ್ತಿನವರೆಗಿನ ಅಂಕಿಗಳನ್ನು ಒಂದೇ ಗೆರೆಯ ಮೇಲೆ ಕೂರಿಸಿ 1932ರಲ್ಲಿ ಅವರು ತೋರಿಸಿದ್ದು ಇಷ್ಟು: ಮೈ ತೂಕ ಹೆಚ್ಚಿದಷ್ಟೇ ಪಟ್ಟು ಹಸಿವು ಹೆಚ್ಚುವುದಿಲ್ಲ, ತೂಕದ ಮುಕ್ಕಾಲು ಘಾತದಷ್ಟು ಮಾತ್ರ ಹೆಚ್ಚುತ್ತದೆ. ಘಾತ ಎಂದರೆ ಹೆದರಬೇಡಿ. ನಮ್ಮ ಎಮ್ಮೆ-ಕಾಜಾಣದ ಅಂಕಿಗಳು ಈ ಸೂತ್ರಕ್ಕೆಂದೇ ಹೇಳಿ ಮಾಡಿಸಿದ ಹಾಗಿವೆ. ತೂಕದಲ್ಲಿ 10,000 ಪಟ್ಟು ಇರುವ ಎಮ್ಮೆ ಶಕ್ತಿ ಸುಡುವುದರಲ್ಲಿ ಕೇವಲ 1,000 ಪಟ್ಟು. ಅಂದರೆ ತಕ್ಕಡಿಯಲ್ಲಿ ಒಂದು ಎಮ್ಮೆಗೆ ಸಮನಾಗುವ ಕಾಜಾಣಗಳ ಹಿಂಡನ್ನು ಸಾಕುವ ಶಕ್ತಿಯಲ್ಲಿ ಹತ್ತು ಎಮ್ಮೆ ಸಾಕಬಹುದು. ಗ್ರಾಂಗೆ ಗ್ರಾಂ ಹಿಡಿದರೆ ಹಕ್ಕಿಯೊಳಗಿನ ಒಲೆ ಎಮ್ಮೆಯೊಳಗಿನ ಒಲೆಗಿಂತ ಹತ್ತು ಪಟ್ಟು ಉರಿಯುತ್ತದೆ. ಹಕ್ಕಿಗಳ ಮೈ ನಮ್ಮದಕ್ಕಿಂತ ಬಿಸಿ, 41 ಡಿಗ್ರಿಯ ಆಸುಪಾಸು. ಆದ್ದರಿಂದ ನಿಜವಾದ ಅಂತರ ಇನ್ನೂ ತುಸು ಹೆಚ್ಚೇ. ಎಮ್ಮೆಯ ಎದೆ ನಿಮಿಷಕ್ಕೆ ಅರವತ್ತರ ಸುತ್ತಮುತ್ತ ಬಡಿದರೆ, ಕಾಜಾಣದಷ್ಟು ಸಣ್ಣ ಹಕ್ಕಿಯದು ನೂರಾರು ಸಲ ಬಡಿಯುತ್ತದೆ. ಒಂದೇ ಬಿಸಿಲಿನಲ್ಲಿ ಒಂದರ ಮೇಲೊಂದು ಕೂತಿದ್ದರೂ ಎರಡಕ್ಕೂ ಒಂದು ಗಂಟೆ ಒಂದೇ ಉದ್ದವಲ್ಲ.

ಇಷ್ಟೆಲ್ಲ ಉರಿ ಹೊಟ್ಟೆಯಲ್ಲಿಟ್ಟುಕೊಂಡ ಕಾಜಾಣ ದಿನದ ಬಹುಪಾಲು ಸುಮ್ಮನೆ ಕೂತಿರುತ್ತದೆ ಎಂಬುದನ್ನು ಗಮನಿಸಿ. ಎಮ್ಮೆಗೆ ಸೋಮಾರಿ ಎಂಬ ಬಿರುದು. ಆದರೆ ಅದರ ದವಡೆಗೆ ಬಿಡುವಿಲ್ಲ. ಹಗಲು ಮೇಯುತ್ತದೆ, ಮಿಕ್ಕ ಹೊತ್ತಿನಲ್ಲಿ ಗಂಟೆಗಟ್ಟಲೆ ಮೆಲುಕು ಹಾಕುತ್ತದೆ. ಇವರಲ್ಲಿ ನಿಜವಾದ ದುಡಿಮೆಗಾರ ಯಾರು ಎಂದು ನನ್ನನ್ನು ಕೇಳಿದರೆ ನನ್ನ ಮತ ಎಮ್ಮೆಗೆ.

ಆ ಬೆನ್ನಿನ ವ್ಯವಹಾರವನ್ನು ಸ್ವಲ್ಪ ನಿಂತು ನೋಡಬೇಕು. ಎಮ್ಮೆ ಮೇಯುವುದೆಂದರೆ ಹುಲ್ಲಿನ ಲೋಕದಲ್ಲಿ ಭೂಕಂಪ. ಗೊರಸು ಇಟ್ಟ ಕಡೆ, ನಾಲಿಗೆ ಸುತ್ತಿ ಎಳೆದ ಕಡೆ, ಅಡಗಿದ್ದ ಮಿಡತೆ, ಪತಂಗ, ಜೀರುಂಡೆಗಳೆಲ್ಲ ದಿಕ್ಕೆಟ್ಟು ಏಳುತ್ತವೆ. ಕಾಜಾಣ ಬೆನ್ನ ಮೇಲಿಂದ ಬಾಣದ ಹಾಗೆ ಹೊರಟು ಗಾಳಿಯಲ್ಲೇ ಒಂದನ್ನು ಕಚ್ಚಿ, ಅರ್ಧ ಸುತ್ತು ಹೊಡೆದು ಅದೇ ಬೆನ್ನಿಗೆ ಮರಳುತ್ತದೆ. ಮರದ ಕೊಂಬೆಯಾದರೆ ಹುಳ ಕೊಂಬೆಯ ಹತ್ತಿರ ಬರುವವರೆಗೆ ಕಾಯಬೇಕು. ಈ ಕೊಂಬೆ ತಾನೇ ನಡೆದು ಹುಳುವಿನ ಹತ್ತಿರ ಹೋಗುತ್ತದೆ, ಹೋಗಿ ಅದನ್ನು ಎಬ್ಬಿಸಿಯೂ ಕೊಡುತ್ತದೆ. ನೆಲದಿಂದ ನಾಲ್ಕು ಅಡಿ ಮೇಲೆ, ನಾಲ್ಕೂ ದಿಕ್ಕು ಕಾಣುವ ಜಾಗ. ಬಾಡಿಗೆ ಇಲ್ಲ.

ಆ ಒಂದು ಎಮ್ಮೆಯ ಸುತ್ತ ಬೇರೆ ಗಿರಾಕಿಗಳೂ ಇರುತ್ತಾರೆ. ಬೆಳ್ಳಕ್ಕಿ ಮುಂಗಾಲಿನ ಪಕ್ಕದಲ್ಲೇ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ. ಮೈನಾಗಳು ಮೂತಿಯ ಮುಂದೆ ಓಡಾಡುತ್ತವೆ. ಕಾಗೆ ಕಿವಿಯ ಬುಡದ ಉಣ್ಣೆ ಕೀಳುತ್ತದೆ, ಹುಣ್ಣಿದ್ದರೆ ಅದನ್ನೂ ಕುಕ್ಕುತ್ತದೆ, ಅದಕ್ಕೇ ಎಮ್ಮೆ ಕಾಯುವವರು ಕಾಗೆಗೆ ಕಲ್ಲು ಬೀಸುತ್ತಾರೆ. ಕಾಜಾಣಕ್ಕೆ ಬೀಸಿದ್ದನ್ನು ನಾನು ಕಂಡಿಲ್ಲ. ಅದು ಉಣ್ಣೆಗೂ ಕೈಹಾಕುವುದಿಲ್ಲ, ಹುಣ್ಣಿಗೂ ಬರುವುದಿಲ್ಲ. ಶಾಲೆಯ ಪುಸ್ತಕಗಳು ಇಂಥದ್ದನ್ನೆಲ್ಲ ಪರಸ್ಪರ ಸಹಾಯ ಎಂಬ ಪಾಠಕ್ಕೆ ಸೇರಿಸಿಬಿಡುತ್ತವೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಕಚ್ಚಲು ಬಂದ ನೊಣವೊಂದನ್ನು ಕಾಜಾಣ ಹಿಡಿದರೆ ಎಮ್ಮೆಗೆ ಅಷ್ಟು ಲಾಭ, ಅಷ್ಟೇ. ಈ ಸಂಬಂಧದಲ್ಲಿ ಪಡೆಯುವುದು ಹಕ್ಕಿ, ಕೊಡುವುದು ಎಮ್ಮೆ, ಕೊಡುತ್ತಿದ್ದೇನೆಂದು ಎಮ್ಮೆಗೆ ಗೊತ್ತೂ ಇಲ್ಲ. ಗೊತ್ತಿಲ್ಲದೆ ಕೊಡುವುದನ್ನು ದಾನ ಎನ್ನಬಹುದೋ ಇಲ್ಲವೋ ಧರ್ಮಶಾಸ್ತ್ರ ಬಲ್ಲವರು ಹೇಳಬೇಕು.

ಬಿಸಿಲು ಏರಿದ ಮೇಲೆ ಇಬ್ಬರಿಗೂ ಒಂದೇ ಕಷ್ಟ, ಅದು ಬೆವರಿನದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ನಾವು ಹೊಂದಾಣಿಕೆಯಿಲ್ಲದ ಜೋಡಿಗಳಿಗೆ, ಮುಖ್ಯವಾಗಿ ಗಂಡಹೆಂಡಿರಿಗೆ, ಬಳಸುತ್ತೇವೆ. ಕೋಣದ್ದು ಮೊಂಡುತನ ಎಂಬ ಧ್ವನಿ ಅದರಲ್ಲಿದೆ. ಪಾಪ, ಕೋಣ ಇನ್ನೇನು ಮಾಡಬೇಕು? ಹಸು-ಎತ್ತುಗಳ ಚರ್ಮದಲ್ಲಿ ಇರುವುದಕ್ಕಿಂತ ಬೆವರಿನ ಗ್ರಂಥಿಗಳು ಎಮ್ಮೆಯ ಚರ್ಮದಲ್ಲಿ ಬಹಳ ಕಡಿಮೆ. ಕರುವಾಗಿದ್ದಾಗ ಇದ್ದ ದಟ್ಟ ಕೂದಲು ಬೆಳೆದಂತೆ ಉದುರಿ ವಿರಳವಾಗುತ್ತದೆ. ಕಪ್ಪು ಬಣ್ಣ ಬಿಸಿಲನ್ನೆಲ್ಲ ಹೀರುತ್ತದೆ. ಅಷ್ಟು ದೊಡ್ಡ ಮೈಯ ಕಾವು ಹೊರಹೋಗಲು ದಾರಿ ಸಾಲದು. ಕೆರೆಯೇ ಗತಿ. ನೀರಿನಲ್ಲಿ ಮುಳುಗಿ ಮೂಗು, ಕೊಂಬು ಮಾತ್ರ ಹೊರಗಿಟ್ಟು ಮಲಗಿದ ಎಮ್ಮೆ ಸುಖಕ್ಕೆ ಬಿದ್ದಿದೆ ಎಂದು ನಮಗೆ ತೋರುತ್ತದೆ. ಅದು ಔಷಧಿ ತೆಗೆದುಕೊಳ್ಳುತ್ತಿದೆ ಅಷ್ಟೇ. ಮೇಲೆದ್ದ ಮೇಲೂ ಅಂಟಿದ ಕೆಸರು ಆರುತ್ತಾ ಮೈ ತಂಪಾಗಿಡುತ್ತದೆ, ನೊಣವನ್ನೂ ತಡೆಯುತ್ತದೆ.

ಹಕ್ಕಿಗಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲೋ ಕಲಬುರಗಿಯಲ್ಲೋ ತಂತಿಯ ಮೇಲೆ ಕೂತ ಕಾಜಾಣವನ್ನು ನೋಡಿ, ಕೊಕ್ಕು ಅರ್ಧ ತೆರೆದಿರುತ್ತದೆ. ಹಾಡಲು ತೆರೆದದ್ದಲ್ಲ, ಏದುಸಿರಿನ ಮೂಲಕ ಕಾವು ಹೊರಹಾಕುತ್ತಿದೆ. ಹಾರುವವನಿಗೆ ಕೆಸರು ಮೆತ್ತಿಕೊಳ್ಳುವ ಸೌಕರ್ಯವಿಲ್ಲ. ಆದರೆ ಚಿಕ್ಕ ಮೈಗೆ ಚಿಕ್ಕ ನೆರಳು ಸಾಕು, ಒಂದು ಬೇವಿನ ಎಲೆಗೊಂಚಲು ಸಾಕು. ಎಮ್ಮೆಗೆ ಕೆರೆಯೇ ಬೇಕು.

ಈಗ ಕಿನ್ನರಿಯ ಮಾತಿಗೆ ಬರೋಣ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಏನು ಫಲ ಎಂದು ನಮ್ಮ ಹಿರಿಯರು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಕೋಣದ ಬಂಧುವಾದ ಹಸುವಿನ ಕಿವಿಯನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅದಕ್ಕೆ 35,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ನಮಗೆ ಕೇಳುವುದು ಯೌವನದಲ್ಲಿ 20,000ದವರೆಗೆ, ವಯಸ್ಸಾದ ಮೇಲೆ ಇನ್ನೂ ಕಡಿಮೆ. ಹಾಡುವ ಹಕ್ಕಿಗಳ ಕಿವಿ ಸಾಮಾನ್ಯವಾಗಿ 10,000ದ ಆಚೆಗೆ ಹೋಗುವುದೇ ಕಷ್ಟ. ಅಂದರೆ ಕೇಳುವ ವಿಸ್ತಾರದಲ್ಲಿ ದನದ ಜಾತಿ ಸಂಗೀತಗಾರನನ್ನೂ ಮೀರಿಸಿದೆ, ಸಂಗೀತ ವಿಮರ್ಶಕನನ್ನೂ ಮೀರಿಸಿದೆ. ಕಿನ್ನರಿ ಕೇಳಿಸಿತು ಎಂದು ಕೋಣ ತಲೆದೂಗಲಿಲ್ಲ, ನಿಜ. ತಲೆದೂಗುವುದೇ ರಸಿಕತೆಯಾಗಿದ್ದರೆ ನಮ್ಮ ಸಭೆಗಳಲ್ಲಿ ಎಷ್ಟೊಂದು ರಸಿಕರು ತೂಕಡಿಸುತ್ತಾ ಸಿಗುತ್ತಾರೆ! ಎಮ್ಮೆ ಕಟ್ಟಿದವರನ್ನು ಕೇಳಿ, ಕರೆಯುವ ಕೈ ಬದಲಾದರೆ, ದಿನವೂ ಕರೆಯುವ ದನಿ ಬದಲಾದರೆ ಅದು ಸೊರೆ ಬಿಡುವುದಿಲ್ಲ. ಎಷ್ಟು ಎಳೆದರೂ ಹಾಲು ಮೇಲಕ್ಕೇ. ಮನೆಯೊಡತಿ ಬಂದು ಹೆಸರಿಟ್ಟು ಕೂಗಿ, ಪಕ್ಕೆ ಸವರಿ, ಹಿಂಡಿ ಇಟ್ಟ ಮೇಲೆ ಇಳಿಯುತ್ತದೆ. ಇದನ್ನು ದಪ್ಪ ಚರ್ಮ ಎನ್ನುವವರ ಚರ್ಮವನ್ನು ಮೊದಲು ಅಳೆಯಬೇಕು.

ಮಂದಗತಿ ಎಂಬ ಆರೋಪಕ್ಕೆ ಹೆಚ್ಚು ವಾದ ಬೇಡ. ನವೆಂಬರಿನಿಂದ ಮಾರ್ಚಿನವರೆಗೆ ದಕ್ಷಿಣ ಕನ್ನಡ, ಉಡುಪಿಯ ಕಡೆ ಹೋಗಿ ಕಂಬಳದ ಗದ್ದೆಯ ಬದುವಿನಲ್ಲಿ ನಿಂತರೆ ಸಾಕು. ಕೆಸರು ನೀರನ್ನು ಆಳೆತ್ತರ ಚಿಮ್ಮಿಸಿಕೊಂಡು ಬರುವ ಕೋಣಗಳ ಜೋಡಿ ಓಟದ ಕೊನೆಯ ದಿಬ್ಬವಾದ ಮಂಜೊಟ್ಟಿ ಏರಿ ನಿಂತಾಗ ನಿಮ್ಮ ಬಟ್ಟೆಯೇ ಸಾಕ್ಷಿ ಹೇಳುತ್ತದೆ.

ಧೈರ್ಯದಲ್ಲಿ ಮಾತ್ರ ಕಾಜಾಣವನ್ನು ಮೀರಿಸುವುದು ಕಷ್ಟ. ಗೂಡು ಕಟ್ಟಿದ ಕಾಲದಲ್ಲಿ ಅದರ ಮರದ ಹತ್ತಿರ ಕಾಗೆ ಸುಳಿಯುವಂತಿಲ್ಲ, ಹದ್ದು ಹಾರುವಂತಿಲ್ಲ. ತನಗಿಂತ ಎಷ್ಟೋ ಪಟ್ಟು ದೊಡ್ಡ ಹದ್ದಿನ ಬೆನ್ನಿಗೆ ಬಿದ್ದು ಕುಕ್ಕಿ ಓಡಿಸುತ್ತದೆ. ಇದನ್ನು ಬಲ್ಲ ಬೆಳವ, ಹೊನ್ನಕ್ಕಿ, ಪಿಕಳಾರಗಳು ಅದೇ ಮರದಲ್ಲಿ ಗೂಡು ಹಾಕುತ್ತವೆ. ಹಿಂದಿಯ ಜನ ಕಾಜಾಣವನ್ನು ಕೊತ್ವಾಲ, ಅಂದರೆ ಕಾವಲಿನ ಅಧಿಕಾರಿ, ಎನ್ನುವುದು ಸುಮ್ಮನೆ ಅಲ್ಲ. ಎಮ್ಮೆ ಒಂಟಿಯಾಗಿ ವೀರನಲ್ಲ. ಆದರೆ ಹಿಂಡು ಕೂಡಿದಾಗ ಅದರ ನಡೆ ಬೇರೆ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ತಲೆಮಾರುಗಳಿಂದ ಎಮ್ಮೆ ಸಾಕಿಕೊಂಡು ಬಂದ ಗೌಳಿಗರು ಹುಲಿ ಇರುವ ಕಾಡಿಗೇ ಮಂದೆ ಅಟ್ಟುತ್ತಿದ್ದರೆಂದರೆ ಅದಕ್ಕೆ ಎಮ್ಮೆಗಳ ಒಗ್ಗಟ್ಟೇ ಆಧಾರ. ಹಸುಗಳು ಚದುರಿ ಓಡುವ ಕಡೆ ಎಮ್ಮೆಗಳು ಕೊಂಬು ಹೊರಗೆ ಮಾಡಿ ಗುಂಪುಗೂಡುತ್ತವೆ.

ಈಚಿನ ವರ್ಷಗಳಲ್ಲಿ ಈ ಜೋಡಿ ಒಟ್ಟಿಗೆ ಕಾಣಿಸುವುದು ಕಡಿಮೆಯಾಗುತ್ತಿದೆ. ಎಮ್ಮೆ ಇದೆ, ಕಾಜಾಣವೂ ಇದೆ. ಆದರೆ ಎಮ್ಮೆ ಕೊಟ್ಟಿಗೆಯ ಗೂಟಕ್ಕೆ ಬಂದಿದೆ, ಕಾಜಾಣ ವಿದ್ಯುತ್ ತಂತಿಗೆ ಹೋಗಿದೆ. ಮೇಯಿಸುವ ಹುಡುಗರು ಶಾಲೆಗೆ ಹೋಗುತ್ತಾರೆ, ಅದು ಒಳ್ಳೆಯದೇ. ಮೇವು ಕಟ್ಟಾಗಿ ಕೊಟ್ಟಿಗೆಗೆ ಬರುತ್ತದೆ, ಜೊತೆಗೆ ಚೀಲದ ಹಿಂಡಿ. ನಿಂತಲ್ಲೇ ನಿಂತ ಎಮ್ಮೆ ಯಾವ ಮಿಡತೆಯನ್ನೂ ಎಬ್ಬಿಸುವುದಿಲ್ಲ. ಕಾಜಾಣ ಜಾಣ ಹಕ್ಕಿ, ಟ್ರ್ಯಾಕ್ಟರ್ ಉಳುವಾಗ ಅದರ ಹಿಂದೆ ಬರುತ್ತದೆ, ಬೀದಿದೀಪದ ಕೆಳಗೆ ಕತ್ತಲಾದ ಮೇಲೂ ಹುಳ ಹಿಡಿಯುತ್ತದೆ. ಅದರ ಹೊಟ್ಟೆಪಾಡಿನ ಬಗ್ಗೆ ನನಗೆ ದೊಡ್ಡ ಚಿಂತೆಯಿಲ್ಲ. ಟ್ರ್ಯಾಕ್ಟರ್ ಮಾತ್ರ ವರ್ಷಕ್ಕೆ ಕೆಲವು ದಿನ ಬಂದು ಹೋಗುವ ನೆಂಟ. ಎಮ್ಮೆ ದಿನವೂ ಬರುತ್ತಿತ್ತು.

ಬರಲು ಜಾಗ ಬೇಕಲ್ಲ. ನೂರು ರಾಸಿಗೆ 30 ಎಕರೆಯಂತೆ ಗೋಮಾಳ ಕಾದಿರಿಸಬೇಕೆಂದು ನಮ್ಮ ಭೂಕಂದಾಯ ನಿಯಮ ಹೇಳುತ್ತದೆ. ಆ ಲೆಕ್ಕದಲ್ಲಿ ಎಮ್ಮೆಗೆ ತಲೆಯೆಣಿಕೆ ಇದೆ, ಎಮ್ಮೆಯ ಬೆನ್ನ ಮೇಲಿನ ಗಿರಾಕಿಗೆ ಇಲ್ಲ. ಇರಬೇಕಾಗಿಯೂ ಇಲ್ಲ, ಒಂದಕ್ಕೆ ಸಿಕ್ಕಿದ್ದು ಇನ್ನೊಂದಕ್ಕೆ ತಾನಾಗಿ ಸಿಗುತ್ತದೆ. ಆದರೆ ಆ 30 ಎಕರೆಯ ಮೇಲೆ ಬಡಾವಣೆ, ಗೋದಾಮು, ಭವನ, ಒತ್ತುವರಿಯ ಬೇಲಿ ಎದ್ದ ಊರುಗಳೇ ಹೆಚ್ಚು. ನಿಮ್ಮೂರಿನ ಗೋಮಾಳದ ಸರ್ವೆ ನಂಬರು ಯಾವುದು, ಪಹಣಿಯಲ್ಲಿ ಅದು ಎಷ್ಟು ಎಕರೆ, ನೆಲದ ಮೇಲೆ ಈಗ ಎಷ್ಟು ಉಳಿದಿದೆ ಎಂದು ಮುಂದಿನ ಸಲ ಊರಿಗೆ ಹೋದಾಗ ವಿಚಾರಿಸಿ. ಪಹಣಿ ಯಾರು ಕೇಳಿದರೂ ಕೊಡುತ್ತಾರೆ.